ಕವಳ, ವೈರಸ್ಸು, ವರ್ಣತಂತು: ಕೇಳಿದ್ದೆಷ್ಟು, ನಿಜವೆಷ್ಟು?

ಯಲ್ಲಾಪುರದಿಂದ ಮಾಗೋಡಿನ ಕಡೆ ಹೊರಟರೆ ಬೇಡ್ತಿ ಹೊಳೆ ಕಣಿವೆಗೆ ಧುಮುಕುವ ಜಾಗದವರೆಗೂ ಕಾಡು, ಸೊಪ್ಪಿನ ಬೆಟ್ಟ, ಅವುಗಳ ಬುಡದಲ್ಲಿ ಅಡಿಕೆ ತೋಟ. ಈ ಕಡೆ ಯಾರ ಮನೆಗೆ ಹೋದರೂ ಆಸರಿಗೆ ಕೊಟ್ಟ ಮೇಲೆ ಕವಳದ, ಅಂದರೆ ಎಲೆ-ಅಡಿಕೆಯ, ತಬಕು ಮುಂದೆ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮಕ್ಕಳ ಓದು, ಮನೆಯ ಮದುವೆ, ಸೊಸೈಟಿಯ ಸಾಲ ಎಲ್ಲವೂ ಅಡಿಕೆಯನ್ನೇ ನಂಬಿವೆ. ಹಾಗಾಗಿ ಬಾಯಿ ಕ್ಯಾನ್ಸರಿನ ಮಾತು ಎತ್ತಿದರೆ ಜನ ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ವಾದಕ್ಕೆ ನಿಲ್ಲುತ್ತಾರೆ. ಹೆಂಗಸರ ಗರ್ಭಕಂಠದ ಕ್ಯಾನ್ಸರಿನ ಮಾತಂತೂ ಜಗುಲಿಗೆ ಬರುವುದೇ ಇಲ್ಲ.

ಈ ಎರಡೂ ಹತ್ತಿರದ ಸಂಬಂಧಿಗಳು. ಬಾಯಿ, ಗಂಟಲು, ಗರ್ಭಕಂಠ ಇವುಗಳ ಮೇಲ್ಪದರದಲ್ಲಿ ಚಪ್ಪಟೆಯಾದ ಜೀವಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರನ್ನು ವೈದ್ಯರು ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂದು ಬರೆಯುತ್ತಾರೆ. ಬಾಯಿ ಕ್ಯಾನ್ಸರಿನಲ್ಲಿ ಬಹುಪಾಲು ಇದೇ, ಗರ್ಭಕಂಠದ ಕ್ಯಾನ್ಸರಿನಲ್ಲೂ ಹೆಚ್ಚಿನದು ಇದೇ. 2022ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1.43 ಲಕ್ಷ ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್, ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂತು. ಎರಡೂ ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಾವು.

ಇಷ್ಟು ಸಾವಿನಲ್ಲಿ ಬಹಳಷ್ಟನ್ನು ತಪ್ಪಿಸಲು ಸಾಧ್ಯವಿತ್ತು. ಏಕೆಂದರೆ ಈ ಕ್ಯಾನ್ಸರ್ ಒಂದೇ ದಿನ ಎರಗುವುದಲ್ಲ. ವರ್ಷಗಟ್ಟಲೆ, ಹಂತ ಹಂತವಾಗಿ ಜೀವಕೋಶದೊಳಗಿನ ವರ್ಣತಂತುಗಳು ಕೆಡುತ್ತಾ ಬಂದು ಕೊನೆಗೆ ಕ್ಯಾನ್ಸರ್ ಆಗುತ್ತದೆ. ಆ ವರ್ಷಗಳೇ ನಮಗೆ ಸಿಕ್ಕಿರುವ ಅವಕಾಶ. ಅದನ್ನು ಕಳೆಯುತ್ತಿರುವುದು ನಮ್ಮ ನಡುವೆ ಬೇರೂರಿರುವ ಕೆಲವು ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ 1: ಹೊಗೆಸೊಪ್ಪು ಹಾಕದ ಕವಳದಿಂದ ಏನೂ ಆಗುವುದಿಲ್ಲ.

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. 1985ರಲ್ಲಿ ಅದು ಹೊಗೆಸೊಪ್ಪು ಸೇರಿದ ಕವಳ ಕ್ಯಾನ್ಸರ್ ತರುತ್ತದೆ ಎಂದು ಹೇಳಿತು. ಆಗ ಬರೀ ಎಲೆ-ಅಡಿಕೆಯ ಬಗ್ಗೆ ಸಾಕಷ್ಟು ಪುರಾವೆ ಇರಲಿಲ್ಲ. ತೈವಾನಿನಲ್ಲಿ ಕವಳಕ್ಕೆ ಹೊಗೆಸೊಪ್ಪು ಹಾಕುವ ರೂಢಿಯಿಲ್ಲ, ಆದರೂ ಅಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು. ಅಲ್ಲಿನ ಮತ್ತು ಇತರ ಕಡೆಯ ಅಧ್ಯಯನಗಳನ್ನು ತೂಗಿ ನೋಡಿ 2004ರಲ್ಲಿ ಪ್ರಕಟವಾದ 85ನೇ ಸಂಪುಟದಲ್ಲಿ ಸಂಸ್ಥೆಯು ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ಚಾಲಿಯಾಗಲಿ, ಬೇಯಿಸಿ ಒಣಗಿಸಿದ ರಾಶಿಯಾಗಲಿ, ಹಸಿ ಅಡಿಕೆಯಾಗಲಿ, ಪ್ರಮಾಣ ಹೆಚ್ಚು ಕಡಿಮೆ ಆದೀತೇ ಹೊರತು ಅರೆಕೊಲಿನ್ ಎಂಬ ರಾಸಾಯನಿಕ ಎಲ್ಲದರಲ್ಲೂ ಇರುತ್ತದೆ. ಅದರ ಜೊತೆಗೆ ತಾಮ್ರದ ಅಂಶವೂ ಇದೆ. ಇವೆರಡರ ಪ್ರಭಾವದಿಂದ ಕೆನ್ನೆಯ ಒಳಪದರದ ಕೆಳಗಿನ ನಾರು ದಪ್ಪವಾಗಿ ಬಿಗಿದುಕೊಳ್ಳುತ್ತದೆ. ಖಾರ ತಿಂದರೆ ಉರಿ, ಆಮೇಲೆ ಬಾಯಿ ಬಿಡಲು ತ್ರಾಸು, ಕೊನೆಗೆ ಮೂರು ಬೆರಳು ಒಟ್ಟಿಗೆ ಬಾಯೊಳಗೆ ಹೋಗದ ಸ್ಥಿತಿ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಹೀಗೆ ಬಾಯಿ ಬಿಗಿದ 66 ಜನರನ್ನು 17 ವರ್ಷದ ಅವಧಿಯಲ್ಲಿ ಗಮನಿಸಿದಾಗ 5 ಜನರಲ್ಲಿ ಕ್ಯಾನ್ಸರ್ ಕಾಣಿಸಿತು.

“ನಮ್ಮಜ್ಜ ತೊಂಬತ್ತು ವರ್ಷದ ತನಕ ಕವಳ ಹಾಕಿದ, ಅವನಿಗೇನಾಯ್ತು?” ಎಂದು ಕೇಳುವವರಿದ್ದಾರೆ. ಅಜ್ಜ ಬದುಕಿದ್ದು ನಿಜ. ಆದರೆ ಬದುಕಿ ಉಳಿದ ಅಜ್ಜನ ಕಥೆ ಮಾತ್ರ ಮನೆಮನೆಯಲ್ಲಿ ಉಳಿಯುತ್ತದೆ, ನಲವತ್ತೈದಕ್ಕೇ ಹೋದವನದು ಉಳಿಯುವುದಿಲ್ಲ. ಕವಳ ಹಾಕಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಹೇಳಿಲ್ಲ. ಹಾಕುವವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚು, ಹೊಗೆಸೊಪ್ಪು ಸೇರಿದರೆ ಇನ್ನೂ ಹೆಚ್ಚು ಎಂಬುದೇ ವಿಜ್ಞಾನದ ಮಾತು. 2024ರಲ್ಲಿ ಅದೇ ಸಂಸ್ಥೆ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನಲ್ಲಿ ಬಾಯಿ ಕ್ಯಾನ್ಸರ್ ಬಂದ ಸುಮಾರು ಮೂವರಲ್ಲಿ ಒಬ್ಬರಿಗೆ ಅಗಿಯುವ ಹೊಗೆಸೊಪ್ಪು ಅಥವಾ ಅಡಿಕೆಯೇ ಕಾರಣ. ಅಂಥ 1.2 ಲಕ್ಷ ಪ್ರಕರಣಗಳಲ್ಲಿ 83 ಸಾವಿರ ಭಾರತದವು.

ತಪ್ಪು ಕಲ್ಪನೆ 2: ಅಡಿಕೆಯೇ ಕ್ಯಾನ್ಸರಿಗೆ ಮದ್ದು ಎಂದು ಅಮೆರಿಕದವರೇ ಹೇಳಿದ್ದಾರೆ.

ವಾಸ್ತವ: ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದು ಹೌದು. ಅರೆಕೊಲಿನ್ ಹೈಡ್ರೋಬ್ರೋಮೈಡ್ ಎಂಬ ಸಂಯುಕ್ತವು ಕ್ಯಾನ್ಸರ್ ಕೋಶಗಳ ಒಂದು ಕಿಣ್ವವನ್ನು ತಡೆದು, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಗ್ಗಿಸಿತು ಎಂಬುದು ಅದರ ಸಾರ. ಅಲ್ಲಿ ಬಳಸಿದ್ದು ಅಳತೆ ಮಾಡಿ ಕೊಟ್ಟ ಶುದ್ಧ ರಾಸಾಯನಿಕ, ಅಡಿಕೆಯ ಹೋಳಲ್ಲ. ಪ್ರಯೋಗಾಲಯದ ಇಲಿಯಲ್ಲಿ ಕಂಡದ್ದಕ್ಕೂ ದಿನಕ್ಕೆ ಹತ್ತು ಸಲ ಕೆನ್ನೆಯಲ್ಲಿ ಕವಳ ಇಟ್ಟುಕೊಳ್ಳುವುದಕ್ಕೂ ಸಂಬಂಧವಿಲ್ಲ. ಅಡಿಕೆಯಿಂದ ನಾಳೆ ಔಷಧ ಬಂದರೆ ಬೆಳೆಗಾರನಿಗೆ ಅದಕ್ಕಿಂತ ಸಂತೋಷದ ಸುದ್ದಿ ಬೇರೆ ಇಲ್ಲ. ಆದರೆ ಆ ಆಸೆಯನ್ನು ಇವತ್ತಿನ ಕವಳಕ್ಕೆ ರಕ್ಷಣೆ ಮಾಡಿಕೊಳ್ಳಬಾರದು.

ತಪ್ಪು ಕಲ್ಪನೆ 3: ವರ್ಣತಂತು ಕೆಟ್ಟಿದೆ ಅಂದರೆ ಅದು ವಂಶದಿಂದ ಬಂದದ್ದು, ಮಕ್ಕಳಿಗೂ ಹೋಗುತ್ತದೆ, ನಮ್ಮ ಕೈಲಿ ಏನೂ ಇಲ್ಲ.

ವಾಸ್ತವ: ನಮ್ಮ ಬಹುತೇಕ ಪ್ರತಿ ಜೀವಕೋಶದಲ್ಲಿ 23 ಜೊತೆ, ಒಟ್ಟು 46 ವರ್ಣತಂತುಗಳಿವೆ. ತಂದೆ-ತಾಯಿಯಿಂದ ಬಂದದ್ದು ಇವು. ಬಾಯಿ ಮತ್ತು ಗರ್ಭಕಂಠದ ಕ್ಯಾನ್ಸರಿನಲ್ಲಿ ಕಾಣುವ ವರ್ಣತಂತು ದೋಷ ಬಹುತೇಕ ಎಲ್ಲರಲ್ಲೂ ಹುಟ್ಟಿದ ಮೇಲೆ, ಆ ಜಾಗದ ಕೋಶಗಳಲ್ಲಿ ಮಾತ್ರ ಆದದ್ದು. ಅದು ವೀರ್ಯಕ್ಕಾಗಲಿ ಅಂಡಕ್ಕಾಗಲಿ ಹೋಗುವುದಿಲ್ಲ, ಮಕ್ಕಳಿಗೆ ದಾಟುವುದಿಲ್ಲ. ಫ್ಯಾಂಕೋನಿ ರಕ್ತಹೀನತೆಯಂಥ ತೀರಾ ಅಪರೂಪದ ಆನುವಂಶಿಕ ಕಾಯಿಲೆಗಳಲ್ಲಿ ಮಾತ್ರ ಹುಟ್ಟಿನಿಂದಲೇ ವರ್ಣತಂತು ದುರಸ್ತಿ ಮಾಡುವ ಶಕ್ತಿ ಕುಂದಿರುತ್ತದೆ, ಅಂಥವರಿಗೆ ಈ ಕ್ಯಾನ್ಸರ್ ಬೇಗ ಬರುತ್ತದೆ.

ಕವಳ ಹಾಕುವವರ ಕೆನ್ನೆಯ ಒಳಭಾಗವನ್ನು ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಹಾನಿ ಕಣ್ಣಿಗೇ ಕಾಣುತ್ತದೆ. ಕೋಶದ ನಡುವೆ ದೊಡ್ಡ ಕೇಂದ್ರ, ಅದರ ಪಕ್ಕದಲ್ಲಿ ಅದೇ ಬಣ್ಣದ ಪುಟ್ಟ ಚುಕ್ಕೆ. ಕೋಶ ಎರಡಾಗುವಾಗ ಮುರಿದು ಹಿಂದೆ ಉಳಿದ ವರ್ಣತಂತುವಿನ ತುಂಡು ಅದು. 1980ರ ದಶಕದಲ್ಲಿ ಫಿಲಿಪೀನ್ಸಿನ ಕವಳ ಹಾಕುವವರಲ್ಲಿ ಇಂಥ ಚುಕ್ಕೆಗಳನ್ನು ಎಣಿಸಿದಾಗ, ಹಾಕದವರಿಗಿಂತ ಅವು ಬಹಳ ಹೆಚ್ಚಿದ್ದವು. ಇವರಿಗೆ ಆಗಿನ್ನೂ ಕ್ಯಾನ್ಸರ್ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಕೋಶ ವಿಭಜನೆ ಕೆಟ್ಟು ವರ್ಣತಂತು ಏರುಪೇರಾದರೆ ಗಡ್ಡೆ ಹುಟ್ಟೀತು ಎಂದು ಜರ್ಮನಿಯ ಜೀವವಿಜ್ಞಾನಿ ಥಿಯೋಡೋರ್ ಬೊವೆರಿ 1914ರಲ್ಲೇ ಬರೆದಿದ್ದ. 1996ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ತಲೆ ಮತ್ತು ಕುತ್ತಿಗೆ ಭಾಗದ ಚಪ್ಪಟೆ ಕೋಶಗಳಲ್ಲಿ ಈ ಹಾನಿಯ ಹಂತಗಳನ್ನು ಗುರುತಿಸಿದರು. ಸಾಮಾನ್ಯವಾಗಿ ಮೊದಲು 9ನೇ ಮತ್ತು 3ನೇ ವರ್ಣತಂತುವಿನ ಗಿಡ್ಡ ತೋಳು, ಆಮೇಲೆ 17ನೇ ವರ್ಣತಂತುವಿನ ಗಿಡ್ಡ ತೋಳು ಕಳೆಯುತ್ತದೆ. ಮುಂದೆ 11ನೆಯದರ ಉದ್ದ ತೋಳಿನ ಒಂದು ಭಾಗ ಬೇಕಾದ್ದಕ್ಕಿಂತ ಹೆಚ್ಚು ಪ್ರತಿಗಳಾಗುತ್ತದೆ, ಅಲ್ಲಿರುವುದು ಕೋಶಕ್ಕೆ ‘ಬೆಳೆ’ ಎಂದು ಹೇಳುವ ವಂಶವಾಹಿ. 9ರಲ್ಲಿ ಕಳೆದುಹೋಗುವುದು ಪಿ16, 17ರಲ್ಲಿ ಪಿ53. ಎರಡೂ ಕೋಶದ ಕಾವಲಿನವು. ಡಿಎನ್‌ಎ ಕೆಟ್ಟಾಗ ವಿಭಜನೆ ನಿಲ್ಲಿಸುವುದು, ದುರಸ್ತಿಯಾಗದ ಕೋಶವನ್ನು ಸಾಯಿಸುವುದು ಪಿ53ರ ಕೆಲಸ. ಕಾವಲು ಹೋದ ಮೇಲೆ ಕೆಟ್ಟ ಕೋಶ ಬದುಕಿ ಉಳಿದು ಇನ್ನಷ್ಟು ಕೆಡುತ್ತದೆ.

ತೋಟಕ್ಕೆ ಬೇರುಹುಳ ಬಿದ್ದದ್ದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಸೋಗೆ ಹಳದಿಯಾಗುವ ಹೊತ್ತಿಗೆ ಬುಡದಲ್ಲಿ ಬಹಳ ಕೆಲಸ ಆಗಿಹೋಗಿರುತ್ತದೆ. ಆದರೆ ಮುಂಚೆ ಬುಡ ಬಿಡಿಸಿ ನೋಡಿದವನಿಗೆ ಮರ ಉಳಿಸಿಕೊಳ್ಳಲು ಸಮಯ ಇರುತ್ತದೆ.

ತಪ್ಪು ಕಲ್ಪನೆ 4: ವೈರಸ್ ಅಂದರೆ ಜ್ವರ. ಅದು ಕ್ಯಾನ್ಸರ್ ತರುವುದು ಹೇಗೆ?

ವಾಸ್ತವ: ಸಿದ್ದಾಪುರದವರಿಗೆ ವೈರಸ್ ಎಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ಉಣ್ಣೆಯಿಂದ ಹತ್ತಿ, ಕೆಲವೇ ದಿನಗಳಲ್ಲಿ ಮೈ ಸುಡುವ ಜ್ವರ ತರುತ್ತದೆ. ಗುಣವಾದರೂ ಸಾವಾದರೂ ವಾರಗಳಲ್ಲಿ ತೀರ್ಮಾನವಾಗುತ್ತದೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಇದಕ್ಕೆ ಪೂರ್ತಿ ವಿರುದ್ಧ. ಜ್ವರವಿಲ್ಲ, ನೋವಿಲ್ಲ, ಬಂದದ್ದೇ ತಿಳಿಯುವುದಿಲ್ಲ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರ ತಂಡ 1983ರಲ್ಲಿ ಗರ್ಭಕಂಠದ ಗಡ್ಡೆಯಲ್ಲಿ ಎಚ್‌ಪಿವಿ 16ನ್ನು, ಮರುವರ್ಷ ಎಚ್‌ಪಿವಿ 18ನ್ನು ಗುರುತಿಸಿತು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಬಂತು. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು ಶೇ 70ರಷ್ಟಕ್ಕೆ ಇವೆರಡೇ ಕಾರಣ.

ಈ ವೈರಸ್ಸಿನ ಡಿಎನ್‌ಎ ಒಂದು ಪುಟ್ಟ ಉಂಗುರ, ಸುಮಾರು 8 ಸಾವಿರ ಅಕ್ಷರದಷ್ಟು. ಅದರಲ್ಲಿ ಇ6 ಮತ್ತು ಇ7 ಎಂಬ ಎರಡು ವಂಶವಾಹಿಗಳಿವೆ. ಇ6ರಿಂದ ಹುಟ್ಟುವ ಪ್ರೋಟೀನು ಪಿ53ನ್ನು ಹಿಡಿದು ನಾಶಕ್ಕೆ ಒಪ್ಪಿಸುತ್ತದೆ. ಇ7ರದ್ದು ಆರ್‌ಬಿ ಎಂಬ ಇನ್ನೊಂದು ಕಾವಲು ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಮೊದಮೊದಲು ಇ2 ಎಂಬ ವಂಶವಾಹಿ ಇವೆರಡಕ್ಕೂ ಕಡಿವಾಣ ಹಾಕಿರುತ್ತದೆ. ವರ್ಷಗಳು ಕಳೆದಂತೆ ಎಷ್ಟೋ ಸಲ ಆ ಉಂಗುರ ಇ2ರ ಜಾಗದಲ್ಲೇ ಮುರಿದು ನಮ್ಮ ವರ್ಣತಂತುವಿನೊಳಗೆ ಸೇರಿಬಿಡುತ್ತದೆ. ಕಡಿವಾಣ ಕಳಚಿದ ಮೇಲೆ ಇ6, ಇ7 ಎಗ್ಗಿಲ್ಲದೆ ತಯಾರಾಗುತ್ತವೆ.

ಮುಂದಿನದು ವರ್ಣತಂತುವಿನ ಕಥೆಯೇ. ಸಾಮಾನ್ಯ ಕೋಶ ಎರಡಾಗುವಾಗ ಎರಡು ತುದಿಗಳಿಂದ ಎಳೆಗಳು ಬಂದು ವರ್ಣತಂತುಗಳನ್ನು ಸಮನಾಗಿ ಹಂಚುತ್ತವೆ. ಇ7 ಹೆಚ್ಚಾದ ಕೋಶದಲ್ಲಿ ಎರಡರ ಬದಲು ಮೂರೋ ನಾಲ್ಕೋ ತುದಿಗಳು ಹುಟ್ಟುತ್ತವೆ. ಎಲ್ಲ ಕಡೆಯಿಂದ ಎಳೆದಾಗ ಒಂದು ಕೋಶಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಅಂಥ ಕೋಶವನ್ನು ಸಾಯಿಸಬೇಕಾದ ಪಿ53 ಆಗಲೇ ಇಲ್ಲ. ಕೊನೆಗೆ 3ನೇ ವರ್ಣತಂತುವಿನ ಉದ್ದ ತೋಳು ಹೆಚ್ಚುವರಿಯಾಗುವುದು, ಗರ್ಭಕಂಠದಲ್ಲಿ ರೋಗ ಕ್ಯಾನ್ಸರಿನ ಕಡೆ ವಾಲಿದ್ದಕ್ಕೆ ದೊಡ್ಡ ಗುರುತು.

ಹೀಗೆ ದಾರಿ ಎರಡು, ಕೆಡುವ ಕಾವಲು ಹೆಚ್ಚುಕಡಿಮೆ ಅದೇ. ಅಡಿಕೆ-ಹೊಗೆಸೊಪ್ಪಿನ ದಾರಿಯಲ್ಲಿ ಕಾವಲಿನ ವಂಶವಾಹಿಯೇ ಕೆಡುತ್ತದೆ. ವೈರಸ್ಸಿನ ದಾರಿಯಲ್ಲಿ ವಂಶವಾಹಿ ಸರಿಯಾಗಿದ್ದರೂ ಅದು ತಯಾರಿಸಿದ ಪ್ರೋಟೀನು ಕೆಲಸಕ್ಕೆ ಉಳಿಯುವುದಿಲ್ಲ. 2015ರಲ್ಲಿ ಅಮೆರಿಕದಲ್ಲಿ ತಲೆ-ಕುತ್ತಿಗೆಯ 279 ಗಡ್ಡೆಗಳ ವಂಶವಾಹಿ ಓದಿದಾಗ ಇದು ಸ್ಪಷ್ಟವಾಯಿತು. ವೈರಸ್ ಇಲ್ಲದ ಗಡ್ಡೆಗಳಲ್ಲಿ ಬಹುಪಾಲು ಪಿ53 ವಂಶವಾಹಿ ಕೆಟ್ಟಿತ್ತು, ವೈರಸ್ ಇದ್ದವುಗಳಲ್ಲಿ ಅದು ಅಪರೂಪ.

ತಪ್ಪು ಕಲ್ಪನೆ 5: ಎಚ್‌ಪಿವಿ ಇದೆ ಅಂದರೆ ಕ್ಯಾನ್ಸರ್ ಬಂತು ಅಂತಲೇ. ಅದೂ ನಡತೆ ಸರಿಯಿಲ್ಲದವರಿಗೆ ಮಾತ್ರ.

ವಾಸ್ತವ: ಎರಡೂ ಸುಳ್ಳು. ಸಂಸಾರ ಮಾಡಿದ ಬಹುತೇಕ ಎಲ್ಲ ಗಂಡು-ಹೆಣ್ಣಿಗೂ ಒಂದಲ್ಲ ಒಂದು ಕಾಲಕ್ಕೆ ಈ ವೈರಸ್ ಸೋಕಿರುತ್ತದೆ. ಜೀವನದಲ್ಲಿ ಒಬ್ಬನೇ ಗಂಡ, ಒಬ್ಬಳೇ ಹೆಂಡತಿ ಇದ್ದರೂ ಬರಬಹುದು. ಹತ್ತರಲ್ಲಿ ಒಂಬತ್ತು ಜನರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಓಡಿಸುತ್ತದೆ. ಉಳಿದ ಕೆಲವರಲ್ಲಿ ಮಾತ್ರ ಅದು ಬೇರೂರಿ, ಸಾಮಾನ್ಯವಾಗಿ 15ರಿಂದ 20 ವರ್ಷದ ಮೇಲೆ ಕ್ಯಾನ್ಸರ್ ಆಗಬಹುದು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು 5ರಿಂದ 10 ವರ್ಷಕ್ಕೇ ಆಗಬಹುದು, ಎಚ್‌ಐವಿ ಇರುವ ಹೆಂಗಸರಿಗೆ ಅಪಾಯ ಆರು ಪಟ್ಟು. ಹೆಂಗಸೊಬ್ಬಳ ನಡತೆಗೆ ಬೆರಳು ತೋರಿಸುವ ಮಾತು ಅವಳನ್ನು ತಪಾಸಣೆಯಿಂದ ದೂರ ಇಡುತ್ತದೆ. ಆ ಮಾತಿನಿಂದ ಆಗುವ ಕೇಡು ರೋಗಕ್ಕಿಂತ ಸಣ್ಣದಲ್ಲ.

ತಪ್ಪು ಕಲ್ಪನೆ 6: ಬಾಯಿ ಕ್ಯಾನ್ಸರಿಗೂ ಈಗ ವೈರಸ್ಸೇ ಕಾರಣವಂತೆ, ಕವಳವನ್ನು ಯಾಕೆ ದೂರುವುದು?

ವಾಸ್ತವ: ಅಮೆರಿಕ, ಯುರೋಪಿನಲ್ಲಿ ಹೆಚ್ಚುತ್ತಿರುವುದು ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್. ಅಲ್ಲಿ ಎಚ್‌ಪಿವಿ 16ರ ಪಾತ್ರ ದೊಡ್ಡದು. ನಮ್ಮಲ್ಲಿ ಹೆಚ್ಚಾಗಿ ಬರುವುದು ಕೆನ್ನೆಯ ಒಳಗೆ, ಒಸಡಿನ ಪಕ್ಕ, ನಾಲಿಗೆಯ ಅಂಚಿನಲ್ಲಿ. ಕವಳ ಇಟ್ಟುಕೊಳ್ಳುವ ಜಾಗದಲ್ಲೇ ಹುಣ್ಣು ಏಳುವುದನ್ನು ಇಲ್ಲಿನ ದಂತವೈದ್ಯರು ಕಂಡೇ ಇರುತ್ತಾರೆ. ಈ ಜಾಗಗಳಲ್ಲಿ ವೈರಸ್ಸಿನ ಪಾಲು ಸಣ್ಣದು, ಹೊಗೆಸೊಪ್ಪು, ಅಡಿಕೆ, ಬೀಡಿ, ಸಾರಾಯಿಯದ್ದೇ ದೊಡ್ಡದು. ಜೊತೆಗೆ ಹಾನಿ ಹುಣ್ಣಿನ ಜಾಗಕ್ಕೆ ಸೀಮಿತವಲ್ಲ. ನೋಡಲು ಚೆನ್ನಾಗಿರುವ ಸುತ್ತಲಿನ ಪದರವೂ ಕೆಟ್ಟಿರುತ್ತದೆ ಎಂದು 1953ರಲ್ಲೇ ಗೊತ್ತಾಗಿತ್ತು. ಆಪರೇಷನ್ ಆದ ಮೇಲೂ ಕವಳ ಬಿಡದವರಿಗೆ ಪಕ್ಕದಲ್ಲಿ ಎರಡನೇ ಗಡ್ಡೆ ಏಳುವ ಅಪಾಯ ಹೆಚ್ಚುವುದು ಅದಕ್ಕೇ.

ತಪ್ಪು ಕಲ್ಪನೆ 7: ವೈರಸ್ಸಿನಿಂದ ಬರುವ ಕ್ಯಾನ್ಸರ್ ಅಂಟುರೋಗ. ರೋಗಿಯ ತಟ್ಟೆ-ಲೋಟ ಬೇರೆ ಇಡಬೇಕು.

ವಾಸ್ತವ: ಎಚ್‌ಪಿವಿ ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಒಟ್ಟಿಗೆ ಕೂತು ಊಟ ಮಾಡಿದರೆ, ರೋಗಿಯ ಬಟ್ಟೆ ಒಗೆದರೆ, ಮೈ ಒರೆಸಿದರೆ ಕ್ಯಾನ್ಸರ್ ಅಂಟುವುದಿಲ್ಲ. ಚಿಕಿತ್ಸೆಯಲ್ಲಿರುವ ಅತ್ತಿಗೆಯನ್ನೋ ದೊಡ್ಡಮ್ಮನನ್ನೋ ಪಂಕ್ತಿಯಿಂದ ದೂರ ಕೂರಿಸುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ತಪ್ಪು ಕಲ್ಪನೆ 8: ಎಚ್‌ಪಿವಿ ಲಸಿಕೆ ಹಾಕಿಸಿದರೆ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ.

ವಾಸ್ತವ: ಲಸಿಕೆಯಲ್ಲಿ ವೈರಸ್ಸಿನ ಡಿಎನ್‌ಎ ಇಲ್ಲ, ಇ6-ಇ7 ಇಲ್ಲ. ಇರುವುದು ವೈರಸ್ಸಿನ ಹೊರಚಿಪ್ಪಿನ ಪ್ರೋಟೀನು ಮಾತ್ರ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವಾವ್ಯಾಕ್‌ನಲ್ಲಿ ಅದನ್ನು ಯೀಸ್ಟಿನಲ್ಲಿ ಬೆಳೆಸುತ್ತಾರೆ. ಜಗತ್ತಿನಾದ್ಯಂತ ಕೋಟಿಗಟ್ಟಲೆ ಹುಡುಗಿಯರು ಇಂಥ ಲಸಿಕೆ ಪಡೆದಿದ್ದಾರೆ, ಬಂಜೆತನ ಬಂದದ್ದಕ್ಕೆ ಪುರಾವೆಯಿಲ್ಲ. ಬಂದದ್ದು ರಕ್ಷಣೆ. ಸ್ವೀಡನ್ನಿನಲ್ಲಿ 17 ವರ್ಷದೊಳಗೆ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಇಳಿಯಿತು. ಸ್ಕಾಟ್ಲೆಂಡಿನಲ್ಲಿ 12-13ನೇ ವಯಸ್ಸಿಗೆ ಹಾಕಿಸಿಕೊಂಡವರಲ್ಲಿ ಒಂದೂ ಪ್ರಕರಣ ಕಾಣಲಿಲ್ಲ ಎಂದು 2024ರಲ್ಲಿ ವರದಿಯಾಯಿತು. 9ರಿಂದ 14 ವರ್ಷ ಒಳ್ಳೆಯ ವಯಸ್ಸು. ಈ ವಯಸ್ಸಿನವರಿಗೆ ಒಂದು ಅಥವಾ ಎರಡು ಡೋಸ್ ಸಾಕು ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಗಲೇ ಬೇರೂರಿದ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ, ಹಾಗಾಗಿ ದೊಡ್ಡವರಿಗೆ ತಪಾಸಣೆಯೇ ದಾರಿ.

ತಪ್ಪು ಕಲ್ಪನೆ 9: ನೋವಿಲ್ಲದ ಹುಣ್ಣಿಗೆ ಆಸ್ಪತ್ರೆ ಯಾಕೆ? ತುಂಡು ತೆಗೆದು ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಹರಡುತ್ತದೆ.

ವಾಸ್ತವ: ಮೊದಲ ಹಂತದಲ್ಲಿ ನೋವು ಇರುವುದಿಲ್ಲ, ಅದೇ ಮೋಸ. ಎರಡು-ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಬಿಗಿಯುವುದು, ಕುತ್ತಿಗೆಯಲ್ಲಿ ಗಂಟು, ಹೆಂಗಸರಲ್ಲಿ ಸಂಸಾರದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಇವು ತಡಮಾಡದೆ ತೋರಿಸಬೇಕಾದ ಲಕ್ಷಣಗಳು. ತುಂಡು ಪರೀಕ್ಷೆಯಿಂದ ಬಾಯಿಯ ಅಥವಾ ಗರ್ಭಕಂಠದ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ರೋಗ ಯಾವುದು, ಯಾವ ಹಂತ ಎಂದು ತಿಳಿಯಲು ಅದಿಲ್ಲದೆ ಬೇರೆ ದಾರಿಯಿಲ್ಲ. “ಕತ್ತಿ ತಾಗಿದ್ದಕ್ಕೇ ಹೋದ” ಎಂಬ ಮಾತು ಹುಟ್ಟಿದ್ದು, ಬಹಳ ತಡವಾಗಿ ಹೋದವರನ್ನು ನೋಡಿ.

ಬೇಗ ನೋಡಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿಯಿತು ಎಂದು 2005ರಲ್ಲಿ ಪ್ರಕಟವಾಯಿತು. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1.31 ಲಕ್ಷ ಹೆಂಗಸರನ್ನು ಒಳಗೊಂಡ ಅಧ್ಯಯನದಲ್ಲಿ, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಈಗ ನಮ್ಮ ಮೂರು ತಾಲ್ಲೂಕಿನ ಮಾತು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಮಾಡುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆ ಹೆಸರು ಬರೆದುಕೊಳ್ಳಲು ಬಂದಾಗ ‘ನನಗೇನಾಗಿದೆ?’ ಎಂದು ಕಳಿಸಬೇಡಿ. ಬಾಯಿ ನೋಡಲು ಬೇಕಾದದ್ದು ಒಂದು ಟಾರ್ಚು. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ನೋಡಿದರೆ ಕೆಟ್ಟ ಜಾಗ ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎನ್ನುತ್ತಿದ್ದ ಸರ್ಕಾರಿ ಆಸ್ಪತ್ರೆ ಇದೆ, ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ.

ಅಡಿಕೆ ಬೆಳೆಯುವವನನ್ನು ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸುವುದು ಈ ಬರಹದ ಉದ್ದೇಶವಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿದ ಹಿರಿಯರು ದಲ್ಲಾಳಿಯ ಕೈಯಿಂದ ಬೆಳೆಗಾರನನ್ನು ಬಿಡಿಸಲು ಹೊರಟವರು. ಮನೆಯವರ ಆರೋಗ್ಯ ಕಾಯುವುದೂ ಅದೇ ಸ್ವಾಭಿಮಾನದ ಕೆಲಸ. ಈ ಸಲ ಆಲೆಮನೆಗೋ ಸಂಘದ ಸಭೆಗೋ ಹೋದಾಗ ಒಂದು ಮಾತು ಆಡೋಣ: ಕವಳ ಹಾಕುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಬಾಯಿ ತೋರಿಸಿಕೊಳ್ಳಲಿ, ಬಿಡಬಲ್ಲವರು ಇವತ್ತೇ ಬಿಡಲಿ, ಮೂವತ್ತು ದಾಟಿದ ಹೆಂಗಸರು ತಪಾಸಣೆಗೆ ಹೋಗಲಿ, ಹೆಣ್ಣುಮಕ್ಕಳಿಗೆ ಲಸಿಕೆ ಸಿಗಲಿ. ವರ್ಣತಂತು ಕೆಡಲು ವರ್ಷಗಳು ಬೇಕು. ಅದನ್ನು ಮೊದಲೇ ಕಂಡುಹಿಡಿಯಲು ಒಂದು ಬೆಳಗಿನ ಹೊತ್ತು ಸಾಕು.